ಅಪ್ಪ ತೆಗೆಯದ ಅಳತೆ

ಮಾರ್ಚ್ 4

ಅಪ್ಪಾ,

ಫೋನನ್ನ ಹಾಗೆ ಕುಕ್ಕಿದ್ರೆ ಮಾತು ಮುಗೀತು ಅಂದ್ಕೊಂಡ್ಯಾ? ಅದಕ್ಕೇ ಕಾಗದ ಬರೀತಿದೀನಿ. ಇದನ್ನ ಕುಕ್ಕೋಕಾಗಲ್ಲ. ಹರಿದು ಹಾಕಿದ್ರೆ ಅಮ್ಮ ಅಂಟಿಸಿ ಓದ್ತಾಳೆ.

ಮೊದಲಿಂದ ಹೇಳ್ತೀನಿ, ಮಧ್ಯ ಬಾಯಿ ಹಾಕಬೇಡ. ರೈಲು ಎಂಜಿನ್ ಓಡಿಸೋ ಟ್ರೇನಿಂಗಲ್ಲಿ ಇದೀನಲ್ಲ, ಅದಕ್ಕೆ ಮೆಡಿಕಲ್ ಇತ್ತು. ಡಾಕ್ಟರು ಅಂಗಿ ತೆಗೀರಿ ಅಂದ್ರು, ತೆಗೆದೆ. ಅಂಗಿಯೊಳಗೆ ನೀನು ಹೊಲಿದಿದ್ದ ಪ್ಯಾಡನ್ನ ತಿರುಗಿಸಿ ಮುರುಗಿಸಿ ನೋಡಿದ್ರು, ಆಮೇಲೆ ನನ್ನ ಎದೆ ನೋಡಿದ್ರು. ಹುಟ್ಟಿನಿಂದ ಇರೋ ಕುಳಿ. ಒಂದು ಬಟ್ಟಲು ಇಡಬಹುದು ಅಂತ ನೀನು ತಮಾಷೆ ಮಾಡ್ತಿದ್ದೆಯಲ್ಲ, ಅದೇ. "ಇಷ್ಟು ಆಳ ಇದೆ, ಹತ್ತಿ ಇಳಿದ್ರೆ ಏದುಸಿರು ಬರಲ್ವಾ?" ಅಂದ್ರು. ಎಂಜಿನ್ ಏಣಿ ಹತ್ತೋದ್ರೊಳಗೆ ಉಸ್ಸಪ್ಪಾ ಅನ್ನಿಸುತ್ತೆ, ದಪ್ಪ ಆಗಿರ್ಬೇಕು ಅಂದ್ಕೊಂಡಿದ್ದೆ ಅಂದೆ. ಕಡ್ಡಿ ಥರ ಇದೀರಲ್ರೀ ಅಂತ ನಕ್ಕರು. ಸ್ಕ್ಯಾನ್ ಆದ ಮೇಲೆ ನಗಲಿಲ್ಲ.

ಎದೆಮೂಳೆ ಒಳಕ್ಕೆ ಕುಸಿದು ಹೃದಯವನ್ನ ಎಡಕ್ಕೆ ತಳ್ಳಿದೆಯಂತೆ, ಒತ್ತುತ್ತಾನೂ ಇದೆಯಂತೆ. ಮೂಳೆ ಕೆಳಗೆ ಒಂದು ಉಕ್ಕಿನ ಪಟ್ಟಿ ತೂರಿಸಿ ಮೇಲಕ್ಕೆತ್ತಬೇಕು. ಅದನ್ನ ತಡ್ಕೋತೀನಿ ಬಿಡು. ಇನ್ನೊಂದಿದೆ. ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಬುಡದಲ್ಲಿ ಸ್ವಲ್ಪ ಹಿಗ್ಗಿದೆ. ಉದ್ದ ಕೈ, ಉದ್ದ ಬೆರಳು, ಕುಳಿಬಿದ್ದ ಎದೆ, ಹಿಗ್ಗಿದ ನಾಳ, ಇವು ಕೆಲವು ಮನೆತನಗಳಲ್ಲಿ ಒಟ್ಟೊಟ್ಟಿಗೆ ಇಳಿದು ಬರುತ್ತಂತೆ. ನನ್ನದು ಸದ್ಯಕ್ಕೆ ಮಾತ್ರೆಯಲ್ಲಿ ನಿಲ್ಲುತ್ತೆ. ಆದ್ರೆ ಮನೆಯಲ್ಲಿ ಬೇರೆ ಯಾರಿಗಾದ್ರೂ ಜಾಸ್ತಿ ಹಿಗ್ಗಿದ್ದು, ಗೊತ್ತಾಗದೆ ಬಿಟ್ರೆ, ಒಂದು ದಿನ ಹರಿದುಬಿಡುತ್ತೆ. ಹರಿದ್ರೆ ಆಸ್ಪತ್ರೆ ಮುಟ್ಟೋದೇ ಕಷ್ಟ.

ನಿನ್ನನ್ನ ಊರೆಲ್ಲ ಕೊಕ್ಕರೆ ಟೈಲರ್ ಅಂತ ಸುಮ್ಸುಮ್ನೆ ಕರೆಯಲ್ಲಪ್ಪಾ. ಒಂದೇ ಒಂದು ಕೆಲಸ ಮಾಡು. ಟೇಪು ನಿನ್ನ ಕತ್ತಲ್ಲೇ ಇರುತ್ತೆ. ನಿನ್ನ ಎತ್ತರ ಅಳೆ. ಆಮೇಲೆ ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆ. ಕೈಯಳತೆ ಎತ್ತರಕ್ಕಿಂತ ತುಂಬಾ ಜಾಸ್ತಿ ಬಂದ್ರೆ ನೀನು ಸ್ಕ್ಯಾನ್ ಮಾಡಿಸ್ಲೇಬೇಕು. ಎರಡು ಅಂಕಿ ಬರೆದು ಕಳಿಸು, ಸಾಕು.

ಉತ್ತರಕ್ಕೆ ಕಾಯೋ
ಪುಟ್ಟಿ


ಮಾರ್ಚ್ 12

ಪುಟ್ಟೀ,

ಕಾಗದ ಬಂತು. ಹರಿಯಲಿಲ್ಲ. ಓದಿ ನಿಮ್ಮಮ್ಮನ ಕೈಗೂ ಕೊಟ್ಟೆ. ಒಲೆ ಮುಂದೆ ನಿಂತು ಓದಿ ಹಾಲೆಲ್ಲ ಉಕ್ಕಿಸಿದಳು.

ಆ ಡಾಕ್ಟರಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ? ಎಂಜಿನ್ ಓಡಿಸೋಕೆ ಬಂದವಳ ಅಪ್ಪನ ಕೈಯುದ್ದ ಅವನಿಗ್ಯಾಕೆ? ನನಗೇನು ಕೋಟ್ ಹೊಲಿಸಿಕೊಡ್ತಾನಂತಾ? ಇಲ್ಲಿ ಶಾಲೆ ಯೂನಿಫಾರಂ ಶುರುವಾಗಿದೆ, ತಲೆ ಕೆರೆದುಕೊಳ್ಳೋಕೆ ಪುರುಸೊತ್ತಿಲ್ಲ. ಒಬ್ಬಳು ತಾಯಿ ಬಂದು, ಮಗ ಬೆಳೀತಾನೆ, ಎಲ್ಲದರಲ್ಲೂ ಎರಡಿಂಚು ಮಡಿಸಿ ಬಿಡಿ ಅಂದಳು. ಸರಿ ಕಣಮ್ಮಾ, ಕತ್ತಿಗೂ ಎರಡಿಂಚು ಬಿಡ್ತೀನಿ ಅಂದೆ. ಮುಖ ಊದಿಸಿಕೊಂಡು ಹೋದಳು.

ಆದ್ರೂ ನೀನು ಹಿಡಿದ ಹಟ ಬಿಡೋಳಲ್ಲ ಅಂತ ಅಳೆದೆ. ಎತ್ತರ ಎಪ್ಪತ್ತನಾಲ್ಕು ಇಂಚು. ಕೈ ಎಪ್ಪತ್ತಮೂರೂವರೆ. ಸಮಾಧಾನ ಆಯ್ತಾ? ನಮ್ಮ ಕಡೆ ಎದೆಯಲ್ಲಿ ಕುಳಿ ಇರೋರು ಯಾರೂ ಇಲ್ಲ. ಸ್ಕ್ಯಾನು ಗೀನು ಅಂತ ನನ್ನ ತಲೆ ತಿನ್ನಬೇಡ.

ನಿನ್ನ ಆಪರೇಷನ್ ಮಾತ್ರ ತಡ ಮಾಡಬೇಡ. ಆ ಪಟ್ಟಿ ಎಷ್ಟು ಅಗಲ, ಅಂಗಿ ಮೇಲೆ ಎದ್ದು ಕಾಣುತ್ತಾ ಅಂತ ಕೇಳಿ ಬರಿ. ಅದಕ್ಕೆ ತಕ್ಕ ಹಾಗೆ ಕತ್ತರಿಸ್ತೀನಿ.

ನಿನ್ನ ಅಪ್ಪ


ಮಾರ್ಚ್ 26

ಅಪ್ಪಾ,

ನಿನ್ನ ಅಂಕಿ ಓದಿ ಕುರ್ಚಿ ಮೇಲೆ ಹಾಗೇ ಕೂತುಬಿಟ್ಟೆ. ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು. ಡಾಕ್ಟರಿಗೂ ತೋರಿಸಿದೆ. ಹಾಗಾದ್ರೆ ಅಮ್ಮನ ಕಡೆಯಿಂದ ಬಂದಿರಬಹುದು, ಅವರನ್ನ ಮೊದಲು ನೋಡಿಸಿ ಅಂದ್ರು. ಅಮ್ಮನನ್ನ ಕರ್ಕೊಂಡು ಹೋಗು. ಯೂನಿಫಾರಂ ನೆಪ ಹೇಳಬೇಡ, ಅದು ನಿನಗೆ. ಅಮ್ಮನಿಗಲ್ಲ.

ನನಗೆ ಮೇ ಎರಡನೇ ವಾರ ತಾರೀಖು ಕೊಟ್ಟಿದಾರೆ. ಪಟ್ಟಿ ಹೊರಗೆ ಕಾಣಲ್ವಂತೆ. ಆದ್ರೆ ಆಮೇಲೆ ಎಷ್ಟೋ ವಾರ ಕೈ ಮೇಲೆತ್ತಬಾರದು.

ಮೊದಲ ಪ್ಯಾಡು ನೆನಪಿದೆಯಾ? ಈಜು ಕಲಿಸೋ ದಿನ ಹುಡುಗೀರೆಲ್ಲ ನನ್ನ ಎದೆ ನೋಡಿ ನಕ್ಕರು ಅಂತ ಅತ್ತುಕೊಂಡು ಅಂಗಡಿಗೇ ಬಂದಿದ್ದೆ. ನೀನು ಏನೂ ಕೇಳಲಿಲ್ಲ. ಟೇಪೂ ಹಿಡೀಲಿಲ್ಲ. ಕಾಲರಿಗೆ ಹಾಕೋ ಗಟ್ಟಿ ಬಕ್ರಂ ಕತ್ತರಿಸಿ, ಹತ್ತಿ ತುಂಬಿ, ಅಂಚು ತೆಳು ಮಾಡಿ ಫ್ರಾಕಿನ ಒಳಗೆ ಹೊಲಿದೆ. ಮೊದಲ ಸಲಕ್ಕೇ ಕುಳಿಯೊಳಗೆ ಕೂತ್ಕೊಳ್ತು. ಹೇಗಪ್ಪಾ ಗೊತ್ತಾಯ್ತು ಅಂದ್ರೆ, "ಟೈಲರ್ ಅಂದ್ರೆ ಏನಂದ್ಕೊಂಡೆ" ಅಂದೆ. ಇವತ್ತಿಗೂ ನಂಗೆ ಅದು ಆಶ್ಚರ್ಯ.

ಇನ್ನೊಂದು. ಚಿಕ್ಕಪ್ಪನೂ ನಿನ್ನ ಹಾಗೇ ಏಣಿ ಥರ ಇದ್ದನಂತೆ. ಅಂಗಡಿಯಲ್ಲೇ ಬಟ್ಟೆ ಕತ್ತರಿಸ್ತಾ ಕುಸಿದುಬಿದ್ದ ಅಂತ ಅಮ್ಮ ಯಾವಾಗಲೋ ಹೇಳಿದ್ದಳು. ಅವನಿಗೆ ಏನಾಗಿತ್ತು? ಡಾಕ್ಟರು ಕೇಳ್ತಿದಾರೆ.

ನಿನ್ನ
ಪುಟ್ಟಿ


ಏಪ್ರಿಲ್ 7

ಪುಟ್ಟೀ,

ನಿಮ್ಮಮ್ಮನ ಸ್ಕ್ಯಾನ್ ಆಯ್ತು. ಎಲ್ಲ ಸರಿ ಇದೆ. ಮೆಷಿನ್ನಿನಲ್ಲಿ ಹೃದಯ ಬಡ್ಕೊಳ್ಳೋದು ನೋಡಿ, ಇದೇನು ಇಷ್ಟು ಸಣ್ಣದು, ಇದರಲ್ಲೇ ಇಷ್ಟೆಲ್ಲ ಕೋಪ ಇಟ್ಕೊಂಡಿದೀನಾ ಅಂದಳು. ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. ಈಗಲಾದ್ರೂ ಬಿಡು. ಯಾರಿಂದಲೂ ಬರದೆ ಹಾಗೇ ಹುಟ್ಟೋದೂ ಉಂಟಂತೆ, ಆಯಮ್ಮನೇ ಹೇಳಿದ್ರು.

ಚಿಕ್ಕಪ್ಪನಿಗೆ ಗ್ಯಾಸ್ ಆಗಿತ್ತು. ಆಗ ಎಲ್ಲರೂ ಹಾಗೇ ಹೇಳಿದ್ರು. ಆ ಮಾತು ಮತ್ತೆ ಎತ್ತಬೇಡ.

ಮೂರು ಅಂಗಿ ಹೊಲಿದಿದೀನಿ, ಮುಂದೆ ಪೂರ್ತಿ ತೆರೆಯೋದು, ಕೈ ಎತ್ತದೇ ಹಾಕಬಹುದು. ಗುಂಡಿ ದೊಡ್ಡದು. ಪಾರ್ಸೆಲ್ ಕಟ್ಟೋಕೆ ನಿಮ್ಮಮ್ಮನಿಗೆ ಕೊಟ್ಟಿದೀನಿ. ಪಟ್ಟಿ ಹಾಕೋ ತನಕ ಇರಲಿ ಅಂತ ಒಳಗೆ ಪ್ಯಾಡು ಇಟ್ಟಿದೀನಿ, ಆಮೇಲೆ ಬಿಚ್ಚಿಕೋ.

ಅಪ್ಪ


ಏಪ್ರಿಲ್ 16

ಅಪ್ಪಾ,

ಪಾರ್ಸೆಲ್ ಬಂತು. ಅಂಗಿಗಳ ಕೆಳಗೆ ನಿನ್ನ ಹಳೇ ಕಂದು ಕೋಟಿತ್ತು.

ಆಸ್ಪತ್ರೆಯ ಏಸಿ ಚಳಿಗೆ ಅಂತ ಇಟ್ಟಿರ್ತೀಯ ಅಂದ್ಕೊಂಡು ಹಾಕ್ಕೊಂಡೆ. ಭುಜ ಜೋತುಬಿತ್ತು, ತೋಳು ಬೆರಳು ದಾಟಿ ನೇತಾಡ್ತು, ಹಾಗಾಗ್ಲೇಬೇಕಲ್ಲ. ಆದ್ರೆ ಎದೆ? ಗುಂಡಿ ಹಾಕಿದ್ದೇ ತಡ ನನ್ನ ಕುಳಿಯೊಳಗೆ ಏನೋ ಬಂದು ಕೂತ್ಕೊಳ್ತು. ನನ್ನ ಅಂಗಿಗಳಲ್ಲಿ ಕೂರೋ ಹಾಗೇ.

ಲೈನಿಂಗ್ ಬಿಚ್ಚಿದೆ. ಕ್ಷಮಿಸು ಅನ್ನಲ್ಲ. ಬಕ್ರಂ, ಹತ್ತಿ, ಮತ್ತೆ ಬಕ್ರಂ, ಅಂಚಿಗೆ ಬರ್ತಾ ತೆಳು. ನನ್ನ ಪ್ಯಾಡುಗಳಿಗಿಂತ ದಪ್ಪ ಅದು. ನಿನ್ನ ಕುಳಿ ನನ್ನದಕ್ಕಿಂತ ಆಳ ಇದೆ ಅಲ್ವಾ? ಬೇಸಿಗೆಯಲ್ಲೂ ಬನಿಯನ್ ಮೇಲೆ ಅಂಗಿ, ಅಂಗಿ ಮೇಲೆ ಕೋಟು. ಟೈಲರ್ ನೀಟಾಗಿರ್ಬೇಕು ಅಂತಿದ್ದೆ, ನಾನು ನಂಬಿದ್ದೆ.

ಕೋಟನ್ನ ನೆಲಕ್ಕೆ ಹಾಸಿ, ತೋಳು ಚಾಚಿ ಅಳೆದೆ. ಅದಕ್ಕೆ ನಿನ್ನ ಎರಡು ಅಂಗೈ ಸೇರಿಸಿದ್ರೆ ನೀನು ಬರೆದ ಅಂಕಿ ಎಲ್ಲೋ ಹಿಂದೆ ಉಳಿಯುತ್ತೆ. ಊರವರ ಅಳತೆಯಲ್ಲಿ ಒಂದು ನೂಲು ಹೆಚ್ಚುಕಮ್ಮಿ ಮಾಡದವನು ಮಗಳಿಗೆ ಸುಳ್ಳು ಅಳತೆ ಬರೆದ್ಯಾ? ನಿನ್ನ ಆ ಅಂಕಿ ನಂಬಿ ಡಾಕ್ಟರು ನಿನ್ನ ಹೆಸರಿಗೆ ಅಡ್ಡಗೆರೆ ಎಳೆದ್ರು. ಅಮ್ಮನನ್ನ ಮಲಗಿಸಿ ಪರೀಕ್ಷೆ ಮಾಡಿಸಿದೆ, ನೀನು ಪಕ್ಕದಲ್ಲಿ ಕೋಟು ಹಾಕ್ಕೊಂಡು ಕೂತಿದ್ದೆ. ನಂಗೆ ಎಷ್ಟು ಸಿಟ್ಟು ಬಂದಿದೆ ಅಂದ್ರೆ ಈ ಕಾಗದ ಮೂರನೇ ಸಲ ಬರೀತಿದೀನಿ.

ಕೇಳು. ನೀನು ಸ್ಕ್ಯಾನ್ ಮಾಡಿಸೋವರೆಗೂ ನಾನು ಆಪರೇಷನ್ ಟೇಬಲ್ ಹತ್ತಲ್ಲ. ಆಣೆ ಇಟ್ಟು ಹೇಳ್ತೀನಿ.

ನಿನ್ನ ಮಗಳು


ಏಪ್ರಿಲ್ 20

ನನ್ನ ಕೋಟು ಬಿಚ್ಚೋಕೆ ನಿನಗೆ ಯಾರು ಹೇಳಿದ್ರು? ವಾಪಸ್ ಕಳಿಸು.

ನಾನು ಇಷ್ಟು ವರ್ಷ ಬದುಕಿದೀನಿ, ಇನ್ನೂ ಬದುಕ್ತೀನಿ. ನೀನು ಬಾಯಿ ಮುಚ್ಕೊಂಡು ಆಪರೇಷನ್ ಮಾಡಿಸ್ಕೋ. ನನ್ನ ಹೆದರಿಸೋ ಆಟ ನನ್ನ ಹತ್ರ ಇಟ್ಕೋಬೇಡ.

ಅಪ್ಪ


ಏಪ್ರಿಲ್ 27

ಅಪ್ಪಾ,

ಮೇ ತಾರೀಖು ಬಿಟ್ಟುಕೊಟ್ಟೆ. ಡಾಕ್ಟರು ಚೆನ್ನಾಗಿ ಬೈದ್ರು. ಬೈಸ್ಕೊಂಡೆ.

ಆಟ ಅಂದ್ಯಲ್ಲ, ಕೇಳು. ಮೊನ್ನೆ ಶೆಡ್ಡಿನಲ್ಲಿ ಎಂಜಿನ್ ಏಣಿಯ ಅರ್ಧದಲ್ಲಿ ಕಣ್ಣು ಕತ್ತಲೆ ಬಂದು ಕೈ ಬಿಟ್ಟೆ. ಕೆಳಗಿದ್ದ ಫಿಟ್ಟರು ಹಿಡ್ಕೊಂಡ. ಈಗ ನನ್ನನ್ನ ಎಂಜಿನ್ ಹತ್ರ ಬಿಡಲ್ಲ, ಟೈಂಟೇಬಲ್ ಆಫೀಸಲ್ಲಿ ಕೂರಿಸಿದಾರೆ. ದಿನಕ್ಕೆ ದಿನ ಉಸಿರು ಕಮ್ಮಿ ಆಗ್ತಿದೆ. ನಂಗೂ ಭಯ ಇದೆಯಪ್ಪಾ. ಆದ್ರೆ ನಾನು ಎದೆ ಸರಿ ಮಾಡಿಸ್ಕೊಂಡು ಎದ್ದು ಕೂತಾಗ, ನೀನು ಚಿಕ್ಕಪ್ಪನ ಹಾಗೆ ಮೇಜಿನ ಮೇಲೆ ಬಿದ್ದಿದ್ದೀಯ ಅಂತ ಫೋನ್ ಬಂದ್ರೆ? ಆಗ ನಾನು ನೆಟ್ಟಗಿರೋ ಎದೆ ತಗೊಂಡು ಏನು ಮಾಡಲಿ?

ಯಾಕೆ ಬೇಡ ಅಂತಾದ್ರೂ ಹೇಳು. ಒಂದು ಕಾರಣ. ಕೋಟು ಕಳಿಸಲ್ಲ.

ಪುಟ್ಟಿ


ಏಪ್ರಿಲ್ 30

ಪುಟ್ಟಮ್ಮಾ,

ಅವರು ಅಂಗಡಿಯಿಂದ ಬರೋದ್ರೊಳಗೆ ಬರೀತಿದೀನಿ, ಅಕ್ಷರ ಸೊಟ್ಟ ಇದ್ರೆ ಬೈಬೇಡ.

ಕೋಟು ಕಳಿಸಿದ್ದು ನಾನು. ಎದೆ ವಿಷಯ ಯಾರಿಗೂ ಹೇಳಲ್ಲ ಅಂತ ಮದುವೆ ಆದ ಹೊಸದರಲ್ಲೇ ನನ್ನ ಕೈಲಿ ಮಾತು ತಗೊಂಡಿದ್ರು. ಮಾತಿಗೆ ತಪ್ಪಲಿಲ್ಲ ಕಣೇ. ಬಾಯಿ ಬಿಡಲಿಲ್ಲ, ಪಾರ್ಸೆಲ್ ಕಟ್ಟಿದೆ ಅಷ್ಟೇ. ನೀನು ಹಾಕ್ಕೊಂಡೇ ನೋಡ್ತೀಯ ಅಂತ ನಂಗೆ ಗೊತ್ತಿತ್ತು.

ಈಗ ಅಂಗಡಿ ಮೆಟ್ಟಿಲ ಮಧ್ಯ ನಿಂತ್ಕೋತಾರೆ, ಸೂಜಿ ಬಿತ್ತು ಅಂತ ಹುಡುಕೋ ನಾಟಕ ಆಡ್ತಾರೆ. ನಿನ್ನೆ ಬೆನ್ನ ನಡುವೆ ಏನೋ ಎಳೀತಿದೆ, ಒತ್ತು ಅಂದ್ರು. ಒತ್ತಿದೆ, ಆದ್ರೆ ನನ್ನ ಜೀವ ಬಾಯಿಗೆ ಬಂದಿತ್ತು. ಅವರದ್ದೂ ಹಟ, ನಿನ್ನದೂ ಹಟ, ನಡುವೆ ನಾನು ಸಾಯ್ತಿದೀನಿ. ಆದ್ರೂ ಹೇಳ್ತೀನಿ, ನೀನು ಹಟ ಬಿಡಬೇಡ. ಅವರು ಹೆದರೋದು ನಿನಗೊಬ್ಬಳಿಗೇ.

ನಿನ್ನ ಅಮ್ಮ


ಮೇ 6

ಪುಟ್ಟೀ,

ಕಾರಣ ಕೇಳಿದೆಯಲ್ಲ. ಬರೆಯೋಕೆ ಕೂತು ಎರಡು ಸಲ ಎದ್ದುಹೋದೆ.

ನೀನು ಕೂಸಾಗಿದ್ದಾಗ ಬಚ್ಚಲಲ್ಲಿ ಕಾಲ ಮೇಲೆ ಹಾಕ್ಕೊಂಡು ನಿನಗೆ ನೀರು ಹಾಕ್ತಿದ್ದೆ. ನಿನ್ನ ಎದೆ ನಡುವೆ ಒಂಚೂರು ನೀರು ನಿಂತ್ಕೊಳ್ತು. ಇಷ್ಟೇ ಇಷ್ಟು. ನನಗೆ ಅರ್ಥ ಆಯ್ತು. ನಿನ್ನನ್ನ ನಿಮ್ಮಮ್ಮನ ಕೈಗೆ ಕೊಟ್ಟು ಎದ್ದು ಹೊರಗೆ ಬಂದೆ. ಏನಾಯ್ತು ಅಂದಳು. ಕಣ್ಣಿಗೆ ಸೋಪು ಬಿತ್ತು ಅಂದೆ.

ನನ್ನಿಂದಲೇ ಬಂದಿದ್ದು ಅಂತ ಅವತ್ತೇ ಗೊತ್ತು. ಆದ್ರೂ ಯಾರೂ ಬರೆದು ಕೊಟ್ಟಿರಲಿಲ್ಲವಲ್ಲ. ಸ್ಕ್ಯಾನ್ ಮಾಡಿ, ಹೌದಪ್ಪಾ ನಿನ್ನದೇ, ನೀನೇ ಕೊಟ್ಟಿದ್ದು ಅಂತ ಡಾಕ್ಟರು ಬಾಯಿಬಿಟ್ಟು ಹೇಳಿಬಿಟ್ರೆ, ಯಾವ ಮುಖ ಹೊತ್ತು ನಿನ್ನ ಮಂಚದ ಪಕ್ಕ ನಿಲ್ಲಲಿ? ನಿನ್ನ ಎದೆ ಕೊಯ್ಯೋಕೆ ನಾನೇ ಕಾರಣ ಅಂತ ನೀನು ನೋಡೋ ನೋಟ ನನ್ನ ಕೈಲಿ ತಡೆಯೋಕಾಗಲ್ಲ. ಅದಕ್ಕಿಂತ ಸಾಯೋದೇ ವಾಸಿ ಅನ್ನಿಸಿತ್ತು. ಈಗಲೂ ಅನ್ನಿಸುತ್ತೆ. ಆದ್ರೆ ನೀನು ಏಣಿಯಿಂದ ಬಿದ್ದೆ ಅಂತ ಓದಿದ ಮೇಲೆ ನನಗೆ ಕತ್ತರಿ ಹಿಡಿಯೋಕಾಗ್ತಿಲ್ಲ. ನಿನ್ನೆ ಒಂದು ಪ್ಯಾಂಟಿಗೆ ಎರಡೂ ಕಾಲು ಎಡಗಾಲೇ ಕತ್ತರಿಸಿದೆ.

ಕೈಯಳತೆಯನ್ನ ಒಬ್ಬನೇ ತೆಗೆಯೋಕೆ ಬರಲ್ಲ ಪುಟ್ಟಿ. ಟೇಪಿನ ಇನ್ನೊಂದು ತುದಿ ಯಾರಾದ್ರೂ ಹಿಡೀಬೇಕು. ಇಷ್ಟು ವರ್ಷ ನನ್ನ ಮೈಗೆ ಯಾರೂ ಟೇಪು ಹಿಡಿದಿಲ್ಲ, ಹಿಡಿಯೋಕೆ ಬಿಟ್ಟಿಲ್ಲ. ಇವತ್ತು ಅಂಗಿ ತೆಗೆದು ಗೋಡೆಗೆ ಒರಗಿ ನಿಂತೆ. ನಿಮ್ಮಮ್ಮ ಕುಳ್ಳಿ, ಸ್ಟೂಲು ಹತ್ತಿ ಹಿಡಿದಳು. ಎಂಬತ್ತು ಇಂಚು. ಇದು ನಿಜವಾದ ಅಳತೆ.

ನಾಳೆ ಅಂಗಡಿಗೆ ಬೀಗ. ಸ್ಕ್ಯಾನಿಗೆ ಹೋಗ್ತಿದೀವಿ.

ಅಪ್ಪ


ಮೇ 10

ನನ್ನಪ್ಪಾ,

ನಿನ್ನಿಂದ ಬಂದಿದ್ದರ ಲೆಕ್ಕ ಹಾಕೋದಾದ್ರೆ ಎಲ್ಲಾ ಹಾಕು. ಈ ಮೊಂಡು ಮೂಗು ನಿನ್ನದು, ಈ ಕೋಪ ನಿನ್ನದೇ. ಬಟ್ಟೆ ಅಂಗಡಿಗೆ ಹೋದ್ರೆ ಮೊದಲು ಹೊಲಿಗೆ ತಿರುಗಿಸಿ ನೋಡೋದು ನಿನ್ನಿಂದಲೇ ಬಂದಿದ್ದು. ಇದೊಂದನ್ನ ಮಾತ್ರ ಕದ್ದುಕೊಟ್ಟವನ ಹಾಗೆ ಯಾಕೆ ನಿಲ್ತೀಯ?

ಇಷ್ಟು ವರ್ಷ ನಾನೊಬ್ಬಳೇ ಹೀಗೆ ಅಂದ್ಕೊಂಡಿದ್ದೆ. ಅದೊಂದಕ್ಕೆ ನಿನ್ನ ಮೇಲೆ ಸಿಟ್ಟಿದೆ. ಬೇರೆ ಯಾವುದಕ್ಕೂ ಇಲ್ಲ. ರಿಪೋರ್ಟ್ ಬಂದ ತಕ್ಷಣ ತಿಳಿಸು.

ನಿನ್ನ ಹಾಗೇ ಇರೋ
ಪುಟ್ಟಿ


ಮೇ 18

ಪುಟ್ಟೀ,

ನಿನ್ನ ಡಾಕ್ಟರು ಹೇಳಿದ್ದೇ ಸರಿ. ಬುಡದಲ್ಲಿ ಬಲೂನಿನ ಹಾಗೆ ಊದಿದೆಯಂತೆ. ನೋಡಿದ ಡಾಕ್ಟರು ಎರಡೆರಡು ಸಲ ಅಳೆದ್ರು. ಇಷ್ಟು ದಿನ ಹೇಗಿದ್ರಿ ಅಂದ್ರು. ಕೂತು ಹೊಲೀತಿದ್ದೆ ಅಂದೆ. ಇನ್ನು ಇಸ್ತ್ರಿ ಪೆಟ್ಟಿಗೆ ಎತ್ತಬಾರದು, ಮೆಷಿನ್ ತುಳಿಯಬಾರದು, ಕೂಗಾಡಬಾರದು. ಮೂರನೆಯದು ಕೇಳಿ ನಿಮ್ಮಮ್ಮನ ಮುಖ ಅರಳಿತು.

ಇಲ್ಲಿ ಆಗಲ್ವಂತೆ, ನಿಮ್ಮೂರಿನ ಆಸ್ಪತ್ರೆಗೇ ಬರಬೇಕು. ತಡ ಮಾಡಿದ್ರೆ ಯಾವಾಗ ಬೇಕಾದ್ರೂ ಹರಿಯಬಹುದು. ಆಪರೇಷನ್ನಲ್ಲೂ ಎದೆಕುಳಿ ಇರೋದ್ರಿಂದ ಕಷ್ಟ ಜಾಸ್ತಿ ಅಂತ ಮುಚ್ಚುಮರೆ ಇಲ್ಲದೆ ಹೇಳಿದ್ರು. ಊದಿದ ಭಾಗ ಕತ್ತರಿಸಿ ತೆಗೆದು ಬಟ್ಟೆ ಕೊಳವೆ ಇಟ್ಟು ಹೊಲೀತಾರಂತೆ. ಬಟ್ಟೆ ಕಣೇ! ಯಾವ ಬಟ್ಟೆ ಅಂದೆ. ಪಾಲಿಯೆಸ್ಟರ್ ಜಾತಿಯದ್ದಂತೆ! ಪಾಲಿಯೆಸ್ಟರ್ ಹೊಲಿಯಲ್ಲ ಅಂತ ಜೀವಮಾನ ಪೂರ್ತಿ ಗಿರಾಕಿಗಳ ಹತ್ರ ಜಗಳ ಆಡಿದವನು ನಾನು. ನೋಡು, ಎಲ್ಲಿ ಬಂದು ಕೂರುತ್ತೆ.

ಭಯ ಆಗ್ತಿದೆ ಪುಟ್ಟಿ. ತಮ್ಮ ಬಿದ್ದಾಗ ನಾನು ಎದುರಿಗೇ ಇದ್ದೆ. ಅವನ ಕೈಯಲ್ಲಿ ಚಾಕ್ ಹಾಗೇ ಇತ್ತು.

ನಿನಗೊಂದು ಅಂಗಿ ಕತ್ತರಿಸಿದೀನಿ, ಪ್ಯಾಡಿಲ್ಲದ್ದು. ಕುಳಿ ಹೇಗಿದೆಯೋ ಹಾಗೇ ಬಟ್ಟೆ ಬೀಳುತ್ತೆ. ಈಗ ಬರೀ ಕಚ್ಚಾ ಹೊಲಿಗೆ ಹಾಕಿದೀನಿ. ಪಕ್ಕಾ ಹೊಲಿಗೆ ವಾಪಸ್ ಬಂದ ಮೇಲೆ ನಾನೇ ಹಾಕ್ತೀನಿ. ಬೇರೆ ಯಾವನ ಕೈಗೂ ಕೊಡಬೇಡ, ಕೆಡಿಸಿಬಿಡ್ತಾರೆ.

ಅಪ್ಪ


ಜೂನ್ 2

ಅಪ್ಪಾ,

ನೀನು ಎದ್ದ ಮೇಲೆ ಓದಲಿ ಅಂತ ಬರೀತಿದೀನಿ. ಆಪರೇಷನ್ ಕೋಣೆಯ ಹೊರಗಿನ ಬೆಂಚು. ಅಮ್ಮ ಪಕ್ಕದಲ್ಲಿ ನಿನ್ನ ಚಪ್ಪಲಿ ಮಡಿಲಲ್ಲಿಟ್ಟು ಕೂತಿದಾಳೆ. ಕೆಳಗಿಡು ಅಂದ್ರೆ ಕೇಳಲ್ಲ.

ನಿನ್ನನ್ನ ಬೆಳಿಗ್ಗೆ ಒಳಗೆ ಕರ್ಕೊಂಡು ಹೋದ್ರು, ಈಗ ಊಟದ ಹೊತ್ತು ಮೀರಿದೆ. ಬೇಗ ಆಗಬಹುದು ಅಂದಿದ್ರು. ಒಂದು ಸಲ ನರ್ಸು ಓಡಿಕೊಂಡು ಹೊರಗೆ ಬಂದು, ರಕ್ತದ ಚೀಲ ಹಿಡ್ಕೊಂಡು ಓಡಿಕೊಂಡೇ ಒಳಗೆ ಹೋದ್ರು. ಅಮ್ಮ ಚಪ್ಪಲಿನ ಇನ್ನೂ ಗಟ್ಟಿಯಾಗಿ ಹಿಡ್ಕೊಂಡಳು.

ನಾನು ಆ ಅಂಗಿ ಹಾಕ್ಕೊಂಡಿದೀನಿ. ಕಚ್ಚಾ ಹೊಲಿಗೆ, ಜೋರಾಗಿ ಉಸಿರು ಎಳೆದ್ರೆ ಬಿಚ್ಕೊಂಡುಬಿಡುತ್ತೇನೋ ಅಂತ ಮೆತ್ತಗೆ ಉಸಿರಾಡ್ತಿದೀನಿ. ಎದುರಿಗೆ ಕೂತ ಹೆಂಗಸು ನನ್ನ ಎದೆಯನ್ನೇ ನೋಡ್ತಿದಾಳೆ. ನೋಡಲಿ. ನೀನು ಎದ್ದು ಬಾರಪ್ಪಾ, ಈ ಅಂಗಿ ಹೀಗೇ ಉಳಿದುಬಿಟ್ರೆ ನಾನು ಯಾರ ಹತ್ರ ಹೋಗಲಿ.

ಬಾಗಿಲು ತೆರೀತಿದೆ. ಡಾಕ್ಟರು ಬರ್ತಿದಾರೆ.


ಜುಲೈ 21

ಪುಟ್ಟೀ,

ಜೊತೆಗೆ ಅಂಗಿ ಕಳಿಸಿದೀನಿ. ಪಕ್ಕಾ ಹೊಲಿಗೆ ಹಾಕಿದೀನಿ, ಮೆಷಿನ್ ಮುಟ್ಟಿಲ್ಲ, ಎಲ್ಲ ಕೈಯಲ್ಲೇ. ಇನ್ನೂ ಕೈ ನಡುಗುತ್ತೆ, ಬಲಪಕ್ಕದಲ್ಲಿ ಎರಡು ಕಡೆ ಸೊಟ್ಟ ಬಿದ್ದಿದೆ. ಬಿಚ್ಚಿ ಸರಿ ಮಾಡೋಣ ಅಂದ್ಕೊಂಡೆ, ನಿಮ್ಮಮ್ಮ ಕತ್ತರಿ ಕಿತ್ಕೊಂಡಳು. ನಿಮ್ಮ ಡಾಕ್ಟರು ನನ್ನ ಎದೆ ಮೇಲೆ ಹಾಕಿರೋದಕ್ಕಿಂತ ನೆಟ್ಟಗಿದೆ ಬಿಡು.

ಗುರುವಾರ ನಿನ್ನ ಆಪರೇಷನ್ನು. ನನಗೆ ಇನ್ನೂ ಪ್ರಯಾಣ ಕೂಡದು ಅಂದಿದಾರೆ, ಅದಕ್ಕೇ ನಿಮ್ಮಮ್ಮನನ್ನ ಕಳಿಸ್ತಿದೀನಿ. ಪಟ್ಟಿ ಹಾಕಿದ ಮೇಲೆ ಈ ಅಂಗಿ ನಿನಗೆ ಎದೆ ಹತ್ರ ಬಿಗಿಯಾಗುತ್ತೆ. ಆಗ್ಲಿ. ಪಕ್ಕದ ಹೊಲಿಗೆಯಲ್ಲಿ ಬಟ್ಟೆ ಬಿಟ್ಟಿದೀನಿ, ತಗೊಂಡು ಬಾ, ಬಿಚ್ಚಿ ದೊಡ್ಡದು ಮಾಡ್ತೀನಿ. ಎಂಜಿನ್ ಕೊಡ್ತಾರೋ ಬಿಡ್ತಾರೋ ಆಮೇಲೆ ನೋಡೋಣ, ಮೊದಲು ನೀನು ಎದ್ದು ಕೂತ್ಕೋ.

ಗಾಯಕ್ಕೆ ಗಾಳಿ ಬೇಕು ಅಂತ ಅಂಗಡಿಯಲ್ಲಿ ಅಂಗಿ ಗುಂಡಿ ತೆಗೆದೇ ಕೂರ್ತೀನಿ. ನಿನ್ನೆ ಆ ಎರಡಿಂಚು ಬಿಡಿ ಅಂದಿದ್ದ ತಾಯಿ ಬಂದಳು. ನನ್ನ ಎದೆ ನೋಡಿ ಗಾಬರಿಯಾಗಿ, ಅಯ್ಯೋ, ಆಪರೇಷನ್ನಲ್ಲಿ ಎದೆ ಹೀಗೆ ಒಳಗೆ ಹೋಗಿಬಿಡ್ತಾ ಅಂದಳು. ಅಲ್ಲ ಕಣಮ್ಮಾ, ಇದು ಹುಟ್ಟಿನಿಂದ ಬಂದಿದ್ದು ಅಂದೆ. ನನ್ನ ಮಗಳದ್ದೂ ಹೀಗೇ ಇದೆ, ಅವಳು ನನ್ನ ಥರ ಅಂದೆ.

ನಿನ್ನ ಅಪ್ಪ